ಜೋಗುಳ ಯಾವ ಭಾಷೆಯಲ್ಲಿ, ಯಾರ ದನಿಯಲ್ಲಿ?

ಪ್ರಶ್ನೆ: ನಮ್ಮ ಮಗುವಿಗೆ ಐದು ತಿಂಗಳು. ಬಾಣಂತನಕ್ಕೆ ಬಂದಿದ್ದ ತಾಯಿ ಜೋಗುಳ ಹಾಡಿ ಮಲಗಿಸುತ್ತಿದ್ದರು. ಈಗ ಅವರು ಧಾರವಾಡಕ್ಕೆ ಮರಳಿದ್ದಾರೆ. ನನಗೆ ಹಾಡಲು ಬಾರದು. ಹೀಗಾಗಿ ಬುದ್ಧಿ ಚುರುಕಾಗುತ್ತದೆಂದು ಹೇಳಲಾಗುವ ಸಂಗೀತವನ್ನು ರಾತ್ರಿಯಿಡೀ ಮೊಬೈಲಿನಲ್ಲಿ ಹಚ್ಚಿಡುತ್ತೇನೆ. ಅದಕ್ಕೆ ಮಗು ಅಷ್ಟಾಗಿ ಓಗೊಡುವುದಿಲ್ಲ. ಹಗಲು ನೋಡಿಕೊಳ್ಳುವ ಮಾವಶಿ ಮರಾಠಿ ಅಂಗಾಯಿ (ಜೋಗುಳ) ಹಾಡುತ್ತಾರೆ. ಎರಡು ಭಾಷೆಯಿಂದ ಮಾತು ತಡವಾದೀತೇ?
– ಓದುಗರೊಬ್ಬರು, ಡೊಂಬಿವಲಿ (ಮುಂಬಯಿ ಬಳಿ)

ಉತ್ತರ: ಮೊಬೈಲಿನ ಸಂಗೀತದ ಬಗ್ಗೆ ನಿಮಗಿರುವ ನಂಬಿಕೆಯ ಮೂಲ 1993ರ ಒಂದು ಅಧ್ಯಯನದಲ್ಲಿದೆ. ಅದರಲ್ಲಿ ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟನ ಕೃತಿಯನ್ನು ಕೇಳಿದವರು ಕಾಲೇಜು ವಿದ್ಯಾರ್ಥಿಗಳೇ ಹೊರತು ಶಿಶುಗಳಲ್ಲ. ಅವರಲ್ಲಿ ಕಂಡ ಅಲ್ಪ ಲಾಭವೂ ಹತ್ತು–ಹದಿನೈದು ನಿಮಿಷಗಳಲ್ಲಿ ಇಳಿದುಹೋಗಿತ್ತು. ಅದನ್ನು ತಂದು ತೊಟ್ಟಿಲಿಗೆ ಕಟ್ಟಿದ್ದು ವ್ಯಾಪಾರ. ರಾತ್ರಿಯಿಡೀ ಹಚ್ಚಿಡುವುದನ್ನು ಇಂದೇ ನಿಲ್ಲಿಸಿ.

ಹಾಡಲು ಬಾರದೆಂಬ ಸಂಕೋಚ ನಿಮಗಿದೆ, ಮಗುವಿಗಿಲ್ಲ. ಗರ್ಭದಲ್ಲಿದ್ದಾಗಲೇ ಅದು ನಿಮ್ಮ ದನಿಯನ್ನು ಕೇಳಿಸಿಕೊಂಡಿದೆ. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ತಾವು ಚೀಪುವ ಲಯವನ್ನೇ ಬದಲಿಸಿಕೊಂಡು, ಬೇರೆ ಹೆಂಗಸಿನ ದನಿಯ ಬದಲು ತಾಯಿಯ ದನಿ ಕೇಳಿಬರುವಂತೆ ಮಾಡಿಕೊಂಡಿದ್ದವು. ನೀವೇ ಹಾಡಿ ಮಲಗಿಸುವಾಗ ಆಗುವುದನ್ನು ಗಮನಿಸಿ: ಮಗುವಿನ ರೆಪ್ಪೆ ಭಾರವಾದಂತೆ ಹಾಡಿನ ಪದಗಳು ತಾವಾಗಿ ಉದುರಿ ಬರೀ ‘ಜೋ ಜೋ’ ಉಳಿಯುತ್ತದೆ, ಆಮೇಲೆ ಅದೂ ಗುನುಗಾಗುತ್ತದೆ, ತೂಗುವ ಕೈ ನಿಧಾನವಾಗುತ್ತದೆ, ನಡುವೆ ಮಗು ಕಣ್ಣು ಬಿಟ್ಟರೆ ಮತ್ತೆ ಮೊದಲ ಸಾಲಿಗೆ ಹೋಗುತ್ತೀರಿ. ಮೊಬೈಲು ಮಗುವಿನ ಮುಖ ನೋಡಿ ಹಾಡುವುದಿಲ್ಲ. ಭಾಷೆಯ ಕಲಿಕೆಗೂ ಈ ಮುಖಾಮುಖಿ ಬೇಕು. 2003ರಲ್ಲಿ ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದಾಗ, ಎದುರು ಕೂತು ಆಡಿಸಿದವರಿಂದ ಶಿಶುಗಳು ಅದರ ಧ್ವನಿಭೇದಗಳನ್ನು ಕಲಿತವು. ಅದೇ ಮಾತನ್ನು ಟೀವಿಯಲ್ಲಿ ನೋಡಿದ ಶಿಶುಗಳಾಗಲಿ, ಧ್ವನಿಮುದ್ರಣದಲ್ಲಷ್ಟೇ ಕೇಳಿದ ಶಿಶುಗಳಾಗಲಿ ಕಲಿಯಲಿಲ್ಲ.

ಮಾವಶಿಯವರು ಮರಾಠಿಯಲ್ಲಿಯೇ ಹಾಡಲಿ. ಹಾರ್ವರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಅಪರಿಚಿತ ಭಾಷೆಯ ಜೋಗುಳ ಕೇಳುವಾಗಲೂ ಶಿಶುಗಳ ಎದೆಬಡಿತ ಇತರ ಹಾಡುಗಳಿಗಿಂತ ಹೆಚ್ಚು ತಗ್ಗುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ನನ್ನ ಚಿಂತೆ ಬೇರೆ: ಡೊಂಬಿವಲಿಯಲ್ಲಿ ಮರಾಠಿ ಅಂಗಳದಿಂದಲೇ ಒಳಗೆ ಬರುತ್ತದೆ, ಕನ್ನಡ ಮಾತ್ರ ನಿಮ್ಮ ಬಾಯಿಂದಲೇ ಬರಬೇಕು. ಆದ್ದರಿಂದ ತಾಯಿಯವರಿಂದ ಎರಡು ಜೋಗುಳಗಳನ್ನು ಫೋನಿನಲ್ಲಿ ಹೇಳಿಸಿ ಬರೆದುಕೊಳ್ಳಿ. ಬಾಯಿಗೆ ಹತ್ತುವವರೆಗೆ ದಾಸರ ಪದವಾದರೂ ಆದೀತು, ಹಳೆಯ ಸಿನಿಮಾ ಹಾಡಾದರೂ ಆದೀತು; ದಿನಾ ಅದೇ ಹಾಡು, ಅದೇ ಹೊತ್ತು ಇದ್ದರೆ ನಿದ್ದೆಯ ವೇಳೆಯಾಯಿತೆಂದು ಮಗುವಿಗೆ ತಿಳಿಯುತ್ತದೆ.

ಒಂದನ್ನು ಮಾತ್ರ ಕಡೆಗಣಿಸಬೇಡಿ. ಮೊಬೈಲಿನ ಹಾಡಿಗೆ ಮಗು ಓಗೊಡದಿದ್ದರೆ ಚಿಂತೆಯಿಲ್ಲ. ಆದರೆ ಪಾತ್ರೆ ಬಿದ್ದ ಸದ್ದಿಗೂ ಬೆಚ್ಚದಿದ್ದರೆ, ಆರು ತಿಂಗಳಾದರೂ ನಿಮ್ಮ ದನಿ ಬಂದತ್ತ ತಿರುಗದಿದ್ದರೆ, ಮಕ್ಕಳ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್–ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗೆ ಅನುಕೂಲವಿದೆ.