ಸ್ವರಲಿಪಿಯೊಳಗೆ ನಿಮ್ಮ ದನಿ

ಪ್ರಶ್ನೆ: ಜರ್ಮನ್ ಸಂಗೀತ ರಚನಕಾರ ಬಾಖ್‌ನ ಕೃತಿಗಳನ್ನು ಪಿಯಾನೋದಲ್ಲಿ ತಪ್ಪಿಲ್ಲದೆ ನುಡಿಸುತ್ತೇನೆ, ಆದರೂ ಅದು ನನ್ನದೆನಿಸುವುದಿಲ್ಲ. ಸ್ವಂತ ವ್ಯಾಖ್ಯಾನವನ್ನು ರೂಪಿಸಿಕೊಳ್ಳುವುದು ಹೇಗೆ?

ಉತ್ತರ: ಬಾಖ್ ತನ್ನ ಸ್ವರಲಿಪಿಯಲ್ಲಿ ವೇಗವನ್ನಾಗಲಿ ನಾದದ ಏರಿಳಿತವನ್ನಾಗಲಿ ಬಹುಮಟ್ಟಿಗೆ ಸೂಚಿಸಿಲ್ಲವಾದ್ದರಿಂದ ಆ ನಿರ್ಧಾರಗಳು ನಿಮಗೇ ಸೇರಿದವು. ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಅವರು ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ನ ಆರಂಭದಲ್ಲಿ ಬರುವ, ಹಾಡಿನಂಥ ‘ಏರಿಯಾ’ ಭಾಗವನ್ನು 1955ರ ಧ್ವನಿಮುದ್ರಣದಲ್ಲಿ ಸುಮಾರು 2 ನಿಮಿಷಗಳಲ್ಲಿ ಮುಗಿಸಿದರು, 1981ರಲ್ಲಿ ಅದೇ ಸ್ವರಗಳಿಗೆ ಸುಮಾರು 3 ನಿಮಿಷ ಕೊಟ್ಟರು. ನನಗಂತೂ ಎರಡೂ ಸತ್ಯವೆನಿಸುತ್ತವೆ. ಆದರೆ ನಿಮ್ಮ ಕಲ್ಪನೆ ಮೂಡುವವರೆಗೆ ಧ್ವನಿಮುದ್ರಣಗಳನ್ನು ದೂರವಿಡಿ. ಒಟ್ಟಿಗೆ ಸಾಗುವ ಸ್ವರಸಾಲುಗಳಲ್ಲಿ ಪ್ರತಿಯೊಂದನ್ನೂ ಬೇರೆಯಾಗಿ ಹಾಡಿಕೊಂಡು, ಉಸಿರು ತಾನಾಗಿ ನಿಲ್ಲುವಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಕರ್ಕಶವಾಗಿ ಕೇಳುವ ಸ್ವರಮೇಳ ಎಲ್ಲಿ ಶಮನಗೊಳ್ಳುತ್ತದೆಂಬುದನ್ನು ಗಮನಿಸಿ, ಆ ಬಿಗಿತಕ್ಕೆ ತುಸು ಒತ್ತು ಕೊಟ್ಟು, ಶಮನವನ್ನು ಮೃದುವಾಗಿ ನುಡಿಸಿ. ಬಳಿಕ ಒಂದೇ ಪುಟವನ್ನು ಬೇರೆ ಬೇರೆ ವೇಗಗಳಲ್ಲಿ ನುಡಿಸಿ, ಧ್ವನಿಮುದ್ರಿಸಿಕೊಂಡು, ಮರುದಿನ ಕೇಳಿ.