ಅಂಗನವಾಡಿಗೆ ಚಿಕ್ಕದು, ಫ್ಯಾಕ್ಟರಿಗೂ ಚಿಕ್ಕದು: ಮಗುವನ್ನು ಎಲ್ಲಿ ಬಿಡಲಿ?

ಪ್ರಶ್ನೆ: ನಾವು ಯಾದಗಿರಿ ಕಡೆಯವರು. ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಗಂಡ ಗಾರೆ ಕೆಲಸ ಮಾಡುತ್ತಾರೆ. ಮಗುವಿಗೆ ಒಂದೂವರೆ ವರ್ಷ. ಅತ್ತೆ ಊರಿಗೆ ಹೋದ ಮೇಲೆ ಪಕ್ಕದ ಮನೆಯವರಿಗೆ ದುಡ್ಡು ಕೊಟ್ಟು ಬಿಟ್ಟು ಹೋಗುತ್ತಿದ್ದೇನೆ. ಅಂಗನವಾಡಿಯಲ್ಲಿ ಮೂರು ವರ್ಷ ತುಂಬಲಿ ಎನ್ನುತ್ತಾರೆ. ಫ್ಯಾಕ್ಟರಿಯ ಕ್ರೆಶ್‌ನಲ್ಲಿ (ಶಿಶುಪಾಲನಾ ಕೇಂದ್ರ) ಎರಡು ವರ್ಷ ಆಗಬೇಕಂತೆ. ಸರ್ಕಾರದ ಸಹಾಯ ಏನಾದರೂ ಇದೆಯೇ?

ಉತ್ತರ: ಅಂಗನವಾಡಿಯವರು ಹೇಳಿದ್ದು ಅರ್ಧ ನಿಜ. ಕೂರಿಸಿಕೊಂಡು ಆಡಿಸಿ ಕಲಿಸುವುದು ಮೂರರಿಂದ ಆರು ವರ್ಷದವರಿಗೆ. ಆದರೆ ಆರು ತಿಂಗಳು ತುಂಬಿದ ಮಗುವಿಗೂ ಮನೆಗೆ ಪೌಷ್ಟಿಕ ಆಹಾರ ಸಿಗಬೇಕು. ಈಗಲೇ ಹೆಸರು ಬರೆಸಿ. ಊರಿನಲ್ಲಿ ನೋಂದಾಯಿಸಿದ್ದರೆ ಅದನ್ನು ತಿಳಿಸಿ.

ಆದರೂ ನಿಮಗೆ ಬೇಕಿರುವುದು ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು. ಅದಕ್ಕೆ ಮೊದಲು ಹಿಡಿಯಬೇಕಾದದ್ದು ಫ್ಯಾಕ್ಟರಿಯನ್ನೇ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಸಂಖ್ಯೆ ಇದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಗುತ್ತಿಗೆ ಮತ್ತು ದಿನಗೂಲಿಯವರ ಮಕ್ಕಳನ್ನೂ ಸೇರಿಸಿ. ನಿಮಗೆ ಹೇಳಿದ ‘ಎರಡು ವರ್ಷ’ ಅದರಲ್ಲಿಲ್ಲ. ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರುವ ಹಕ್ಕೂ ತಾಯಿಗಿದೆ. ಪ್ರೊಡಕ್ಷನ್ ಟಾರ್ಗೆಟ್ ತಲೆಯ ಮೇಲಿರುವಾಗ ಸೂಪರ್‌ವೈಸರ್ ಮುಖ ಹೇಗಿರುತ್ತದೆ ಎಂಬುದು ನನಗೂ ಗೊತ್ತು. ಆದ್ದರಿಂದ ಒಬ್ಬರೇ ಹೋಗಬೇಡಿ. ಚಿಕ್ಕ ಮಕ್ಕಳಿರುವ ನಾಲ್ಕೈದು ಮಂದಿ ಸೇರಿ ಎಚ್‌ಆರ್‌ಗೆ ಲಿಖಿತ ಅರ್ಜಿ ಕೊಟ್ಟು, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಸೇರಿಸಿಕೊಂಡರೂ ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವುದು ಹೇಗೆ? ಫ್ಯಾಕ್ಟರಿಯಲ್ಲಿ ಕ್ರೆಶ್ ಇದ್ದರೂ ತಾಯಂದಿರು ಬಳಸದಿರಲು ಇದೊಂದು ಕಾರಣ. ಕೇಂದ್ರ ಕೆಲಸದ ಜಾಗದ ಹತ್ತಿರವೇ ಇರಬೇಕೆಂದಿಲ್ಲ, ಕಾರ್ಮಿಕರ ಮನೆಗಳ ಸಮೀಪವೂ ಇರಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹಲವು ಕಂಪನಿಗಳು ಸೇರಿ ಒಂದನ್ನು ನಡೆಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಪೀಣ್ಯದಂಥ ಕಡೆ ಇದನ್ನೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಅರ್ಜಿಯಲ್ಲಿ ಈ ಸಾಲನ್ನೂ ಬರೆಯಿರಿ.

ಇನ್ನೊಂದು ದಾರಿ ‘ಪಾಲನಾ’ ಯೋಜನೆ. ಇದರಲ್ಲಿ ಕೆಲವು ಅಂಗನವಾಡಿಗಳಲ್ಲಿ ಶಿಶುಪಾಲನಾ ಕೇಂದ್ರವೂ ಇರುತ್ತದೆ; ಆರು ತಿಂಗಳಿಂದ ಆರು ವರ್ಷದವರಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ ಶಿಫ್ಟ್ ಮತ್ತು ಓಡಾಟಕ್ಕೆ ಅಷ್ಟು ಸಾಲದು. ಯೋಜನೆ ರೂಪಿಸಿದವರು ಬಸ್ಸಿನ ಹೊತ್ತನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಸಂಜೆಯ ಒಂದೆರಡು ಗಂಟೆಗೆ ಮಾತ್ರ ಪಕ್ಕದ ಮನೆಯವರನ್ನು ನೆಚ್ಚಿಕೊಂಡರೆ ಖರ್ಚಾದರೂ ತಗ್ಗುತ್ತದೆ. ನಿಮ್ಮ ಬಡಾವಣೆಯಲ್ಲಿ ಅಂಥದ್ದು ಇದೆಯೇ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ.

ಕಟ್ಟಡ ಕಾರ್ಮಿಕರ ಮಂಡಳಿಯ ‘ತಾಯಿ ಮಗು ಸಹಾಯ ಹಸ್ತ’ದ ವಾರ್ಷಿಕ 6,000 ರೂಪಾಯಿ ಮಂಡಳಿಯಲ್ಲಿ ನೋಂದಾಯಿತರಾದ ಮಹಿಳೆಯರಿಗೆ. ಗಂಡನ ಕಾರ್ಡಿನ ಮೇಲೆ ಕೊಡಿಸುತ್ತೇನೆ ಎನ್ನುವ ದಲ್ಲಾಳಿಗೆ ದುಡ್ಡು ಕೊಡಬೇಡಿ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಹಳ್ಳಿಗಳಿಗೆ ಮಾತ್ರ. ಊರಿನಲ್ಲಿ ಕೂಲಿಗೆ ಹೋಗುವ ನಾದಿನಿ, ಓರಗಿತ್ತಿಯರಿದ್ದರೆ ಅವರಿಗೆ ತಿಳಿಸಿ.