ಗಲ್ಫಿನ ಪ್ರಜೆಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಎಳೆಯರೆಷ್ಟು: ದಮ್ಮಾಮಿಗೆ ಹೊರಟವರೊಬ್ಬರಿಗೆ ಉತ್ತರ

ನಮಸ್ಕಾರ. ಸೌದಿ ಅರೇಬಿಯಾದ ದಮ್ಮಾಮ್ ನಗರದ ಕಂಪೆನಿಯೊಂದರಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆಯೆಂದೂ, ಮುಂದಿನ ತಿಂಗಳು ಮಂಗಳೂರಿನಿಂದ ಹೊರಡುವವರಿದ್ದೀರೆಂದೂ ಬರೆದು ಮೂರು ಪ್ರಶ್ನೆ ಕೇಳಿದ್ದೀರಿ. ಗಲ್ಫಿನಲ್ಲಿ ಒಬ್ಬ ಹೆಣ್ಣಿಗೆ ಇಬ್ಬರು ಗಂಡಸರಿದ್ದಾರೆಂದು ಓದಿದ್ದೀರಿ, ಅಲ್ಲಿನ ಅರಬರಲ್ಲೂ ಹಾಗೆಯೇ ಇದೆಯೇ ಎಂಬುದು ಮೊದಲನೆಯದು. ಅಲ್ಲಿ ಮುದುಕರೇ ಕಾಣುವುದಿಲ್ಲ ಎನ್ನುವ ಮಾತು ನಿಜವೇ ಎಂಬುದು ಎರಡನೆಯದು. ಸ್ಥಳೀಯರಿಗೇ ಕೆಲಸ ಕೊಡಬೇಕೆಂಬ ಕಾನೂನಿನ ನಡುವೆ ನಿಮ್ಮ ನೌಕರಿ ಎಷ್ಟು ವರ್ಷ ನಿಂತೀತು, ಹೆಂಡತಿಯನ್ನು ಕರೆತರಬಹುದೇ ಎಂಬುದು ಮೂರನೆಯದು. ಈ ಮೂರೂ ಒಂದೇ ಗಂಟಿನ ಎಳೆಗಳಾದ್ದರಿಂದ ಒಟ್ಟಿಗೇ ಬಿಡಿಸಲು ಪ್ರಯತ್ನಿಸುತ್ತೇನೆ. ನಾನು ಮೊದಲು ಒಮಾನಿನ ರಾಜಧಾನಿ ಮಸ್ಕತ್‌ನಲ್ಲಿದ್ದವನು, ಈಗ ಬಹುಕಾಲದಿಂದ ದಮ್ಮಾಮಿನ ಪಕ್ಕದ ಅಲ್ ಖೋಬರ್‌ನಲ್ಲಿ ನೆಲೆಸಿರುವವನು. ಹಾಗಾಗಿ ಉದಾಹರಣೆಗಳು ಈ ಎರಡು ದೇಶಗಳಿಂದಲೇ ಹೆಚ್ಚು ಬರುತ್ತವೆ.

ನೀವು ಓದಿದ ಅಂಕಿಗಳು ಸುಳ್ಳಲ್ಲ, ಆದರೆ ಅವು ಇಡೀ ನಿವಾಸಿಗಳ ಅಂಕಿಗಳು. 2022ರ ಜನಗಣತಿಯ ಪ್ರಕಾರ ಸೌದಿ ಅರೇಬಿಯಾದಲ್ಲಿ ಸುಮಾರು 3.22 ಕೋಟಿ ಜನರಿದ್ದರು. ಅವರಲ್ಲಿ ಶೇ. 61ರಷ್ಟು ಗಂಡಸರು. ಕತಾರಿನ 2020ರ ಗಣತಿಯಲ್ಲಿ ಗಂಡಸರ ಪಾಲು ಶೇ. 70ನ್ನೂ ಮೀರಿತ್ತು. ಈ ಸಂಖ್ಯೆಗಳನ್ನು ನೋಡಿದವರು ಅರಬರ ಮನೆಗಳಲ್ಲಿ ಹೆಣ್ಣುಮಕ್ಕಳೇ ಹುಟ್ಟುತ್ತಿಲ್ಲವೇನೋ ಎಂದು ತಿಳಿಯುವುದುಂಟು. ಅದೇ ಸೌದಿ ಗಣತಿಯನ್ನು ಪೌರತ್ವದ ಪ್ರಕಾರ ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಸೌದಿ ಪ್ರಜೆಗಳು ಸುಮಾರು 1.88 ಕೋಟಿ, ಅವರಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸರಿಸಮ. ವಿದೇಶಿಯರು ಸುಮಾರು 1.34 ಕೋಟಿ, ಅವರಲ್ಲಿ ನಾಲ್ವರಿಗೆ ಮೂವರಿಗಿಂತ ಹೆಚ್ಚು ಮಂದಿ ಗಂಡಸರು. ಅಂದರೆ ಒಟ್ಟು ಅಂಕಿಯ ವಾಲುವಿಕೆಗೆ ಕಾರಣ ನಾವೇ: ಬಾಂಗ್ಲಾದೇಶ, ಭಾರತ, ಪಾಕಿಸ್ತಾನಗಳಿಂದ ದುಡಿಯುವ ವಯಸ್ಸಿನಲ್ಲಿ ಒಂಟಿಯಾಗಿ ಬಂದು, ವಯಸ್ಸಾದ ಮೇಲೆ ಊರಿಗೆ ಮರಳುವವರು. ವಯಸ್ಸು ಮತ್ತು ಲಿಂಗದ ನಕ್ಷೆಯನ್ನು ಬರೆದರೆ, ಪ್ರಜೆಗಳ ನಕ್ಷೆ ಎರಡೂ ಬದಿಗೆ ಸಮನಾಗಿ ನಿಲ್ಲುತ್ತದೆ. ವಿದೇಶಿಯರನ್ನು ಸೇರಿಸಿದ ಕೂಡಲೇ ಇಪ್ಪತ್ತೈದರಿಂದ ಐವತ್ತರ ನಡುವೆ ಗಂಡಿನ ಬದಿ ಮಾತ್ರ ಉಬ್ಬಿ, ಒಂದೇ ಕಡೆಗೆ ಹೊರೆ ಕಟ್ಟಿದ ಕಾವಡಿಯಂತಾಗುತ್ತದೆ.

ಪ್ರಜೆಗಳಲ್ಲಿ ಈ ಸಮತೋಲ ಏಕೆ ಉಳಿದಿದೆ ಎಂಬುದಕ್ಕೆ ಕಾರಣ ಕಾನೂನಿನಲ್ಲಿದೆ. ಜಗತ್ತಿನ ಹೆಚ್ಚಿನ ದೇಶಗಳ ಜನಸಂಖ್ಯೆಯು ಹುಟ್ಟು, ಸಾವು, ವಲಸೆ ಎಂಬ ಮೂರು ಬಾಗಿಲುಗಳಿಂದ ಏರಿಳಿಯುತ್ತದೆ. ಗಲ್ಫಿನ ಪ್ರಜಾಸಮೂಹಗಳಲ್ಲಿ ಮೂರನೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಪೌರತ್ವ ತಂದೆಯಿಂದ ಮಕ್ಕಳಿಗೆ ಬರುತ್ತದೆ. ತಾಯಿ ಪ್ರಜೆಯಾಗಿದ್ದು ತಂದೆ ವಿದೇಶಿಯನಾದರೆ ಮಕ್ಕಳಿಗೆ ಅದು ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಿಕೊಂಡು ಕಾಯಬೇಕು. ಎಷ್ಟು ದಶಕ ದುಡಿದರೂ ನಮ್ಮಂಥವರು ಆ ಪಟ್ಟಿಗೆ ಸೇರುವುದಿಲ್ಲ, ಪ್ರಜೆಗಳಲ್ಲಿ ಬೇರೆ ದೇಶಕ್ಕೆ ಹೋಗಿ ನೆಲೆಸುವವರೂ ಕಡಿಮೆ. ಹೀಗೆ ಕೇವಲ ಹುಟ್ಟುಸಾವುಗಳಿಂದ ರೂಪುಗೊಳ್ಳುವ ಸಮೂಹದಲ್ಲಿ ಲಿಂಗಾನುಪಾತವು ಪ್ರಕೃತಿ ಇಟ್ಟ ಹಾಗೆಯೇ ಇರುತ್ತದೆ. ಈ ನಿಯಮಕ್ಕೆ ಸ್ವಲ್ಪ ಹೊರತಾಗಿರುವುದು ಕುವೈತ್. ಅಲ್ಲಿನ ಸುಮಾರು ಹದಿನೈದು ಲಕ್ಷ ಪ್ರಜೆಗಳಲ್ಲಿ ಹೆಂಗಸರು ಗಂಡಸರಿಗಿಂತ ತುಸು ಹೆಚ್ಚು. ಕುವೈತಿಯನ್ನು ಮದುವೆಯಾದ ವಿದೇಶಿ ಮಹಿಳೆಯರಿಗೆ ಹಲವು ವರ್ಷಗಳ ಬಳಿಕ ಪೌರತ್ವ ಕೊಡುವ ದಾರಿ ಇದ್ದುದು ಇದಕ್ಕೆ ಒಂದು ಕಾರಣ. 2024ರಿಂದ ಅಲ್ಲಿನ ಸರಕಾರ ಸಾವಿರಾರು ಜನರ ಪೌರತ್ವವನ್ನು ಹಿಂದಕ್ಕೆ ಪಡೆಯುತ್ತಿದ್ದು, ಅವರಲ್ಲಿ ಹೀಗೆ ಮದುವೆಯ ಮೂಲಕ ಪ್ರಜೆಗಳಾದ ಹೆಂಗಸರೇ ಬಹಳ ಮಂದಿ. ಕಾಗದದ ಮೇಲಿನ ಒಂದು ಆದೇಶದಿಂದ ಪ್ರಜೆಗಳ ಲಿಂಗಾನುಪಾತವೇ ಅಲುಗಾಡುವ ದೇಶಗಳು ಬಹಳವಿಲ್ಲ.

ಇನ್ನು ವಯಸ್ಸಿನ ವಿಚಾರ. ಸೌದಿ ಪ್ರಜೆಗಳಲ್ಲಿ ಶೇ. 63ರಷ್ಟು ಮಂದಿ ಮೂವತ್ತರೊಳಗಿನವರೆಂದು 2022ರ ಗಣತಿ ಹೇಳಿತು. ಹದಿನೈದರೊಳಗಿನ ಮಕ್ಕಳೇ ಮೂರರಲ್ಲೊಂದು ಪಾಲು, ಅರವತ್ತೈದು ದಾಟಿದವರು ನೂರಕ್ಕೆ ಐವರೂ ಇಲ್ಲ. ಆದರೂ ನೀವು ಕೇಳಿದಂತೆ ಮುದುಕರೇ ಇಲ್ಲವೆಂದಲ್ಲ. ಸಂಜೆ ಅತಿಥಿಗಳು ಕೂಡುವ ಪಡಸಾಲೆಗಳಾದ ಮಜ್ಲಿಸ್‌ಗಳಲ್ಲಿ ಮೊಮ್ಮಕ್ಕಳ ನಡುವೆ ಕುಳಿತ ಹಿರಿಯರು ಇದ್ದೇ ಇರುತ್ತಾರೆ, ಆದರೆ ಒಬ್ಬ ಹಿರಿಯರಿಗೆ ಮೊಮ್ಮಕ್ಕಳು ಹತ್ತು ಹದಿನೈದು. ನಮ್ಮ ಕರ್ನಾಟಕದಲ್ಲಿ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೇ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳೆಂಬ ಲೆಕ್ಕ ಬಂದಿತ್ತು. ಆ ಲೆಕ್ಕಕ್ಕೆ ಒಗ್ಗಿಕೊಂಡ ಕರಾವಳಿಯ ಕಣ್ಣಿಗೆ ಇಲ್ಲಿನ ಮಕ್ಕಳ ಗದ್ದಲ ಆಶ್ಚರ್ಯವೆನಿಸುವುದು ಸಹಜ.

ಹೀಗಾಗಲು ಕಾರಣ, ಸಾವಿನ ಪ್ರಮಾಣ ಮೊದಲು ಇಳಿದು, ಹುಟ್ಟಿನ ಪ್ರಮಾಣ ತೀರ ತಡವಾಗಿ ಇಳಿದದ್ದು. ಒಮಾನಿನಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ಆ ದೇಶದಲ್ಲಿದ್ದುದು ಮೂರೇ ಶಾಲೆಗಳು, ವೈದ್ಯಕೀಯ ಸೌಲಭ್ಯವಂತೂ ಹೆಸರಿಗೆ ಮಾತ್ರ. ತೈಲದ ಹಣದಿಂದ ಆಸ್ಪತ್ರೆ, ಲಸಿಕೆ, ಕುಡಿಯುವ ನೀರು ಹಳ್ಳಿಗಳಿಗೆ ತಲುಪಿದಾಗ ಎಳೆ ಮಕ್ಕಳ ಸಾವು ಒಂದೇ ತಲೆಮಾರಿನಲ್ಲಿ ಇಳಿಯಿತು. ಹೆರುವ ರೂಢಿ ಮಾತ್ರ ಹಾಗೆಯೇ ಉಳಿಯಿತು. 1980ರ ದಶಕದ ಆರಂಭದಲ್ಲಿ ಒಬ್ಬ ಒಮಾನಿ ಮಹಿಳೆಗೆ ಸರಾಸರಿ ಎಂಟರಷ್ಟು ಮಕ್ಕಳಿದ್ದರು, ಸೌದಿಯಲ್ಲೂ ಏಳರ ಆಸುಪಾಸು. ಒಮಾನ್ ಸರಕಾರ 1994ರಲ್ಲಿ ಹೆರಿಗೆಗಳ ನಡುವೆ ಅಂತರವಿಡುವ ಕಾರ್ಯಕ್ರಮವನ್ನು ಆರಂಭಿಸಿತು. ಹೆಣ್ಣುಮಕ್ಕಳ ಓದೂ ಮದುವೆಯ ವಯಸ್ಸೂ ಒಟ್ಟಿಗೆ ಏರಿದವು, ಹುಟ್ಟಿನ ಪ್ರಮಾಣ ಅರ್ಧಕ್ಕೆ ಕುಸಿಯಿತು. ಆದರೆ ಎಂಬತ್ತರ ದಶಕದಲ್ಲಿ ಹುಟ್ಟಿದ ಆ ದೊಡ್ಡ ಗುಂಪು ಮದುವೆಯಾಗುವ ವಯಸ್ಸಿಗೆ ಬಂದಾಗ, ಪ್ರತಿ ತಾಯಿಗೆ ಮಕ್ಕಳು ಕಡಿಮೆಯಾದರೂ ತಾಯಂದಿರ ಸಂಖ್ಯೆಯೇ ಹೆಚ್ಚಿದ್ದರಿಂದ, ಮತ್ತೊಂದು ಅಲೆ ಎದ್ದಿತು. 2020ರ ಗಣತಿಯಲ್ಲಿ ಒಮಾನಿ ಪ್ರಜೆಗಳ ನಕ್ಷೆಯನ್ನು ನೋಡಿದರೆ ಮೂವತ್ತರ ಸುತ್ತ ಒಂದು ಅಗಲ, ಇಪ್ಪತ್ತರ ಸುತ್ತ ಒಂದು ಕಿರಿದಾದ ಸೊಂಟ, ಹತ್ತರ ಕೆಳಗೆ ಮತ್ತೆ ಅಗಲ ಕಾಣುತ್ತದೆ.

ಇದು ಕೇವಲ ಅಂಕಿಸಂಖ್ಯಾಶಾಸ್ತ್ರಜ್ಞರ ಕುತೂಹಲವಲ್ಲ. ಮೊದಲ ಅಲೆಯವರು ಕೆಲಸ ಹುಡುಕುತ್ತಿದ್ದಾಗಲೇ, 2011ರ ಆರಂಭದಲ್ಲಿ, ಸೊಹಾರ್ ನಗರದಲ್ಲಿ ನೌಕರಿಗಾಗಿ ಯುವಕರು ಬೀದಿಗಿಳಿದರು. ಆ ಬಳಿಕ ಸರಕಾರ ಸಾವಿರಾರು ಹುದ್ದೆಗಳನ್ನು ಸೃಷ್ಟಿಸಿತು. 2018ರ ಜನವರಿಯಲ್ಲಿ 87 ವೃತ್ತಿಗಳಿಗೆ ವಿದೇಶಿಯರ ವೀಸಾ ತಡೆಹಿಡಿದಾಗ ಮಸ್ಕತ್‌ನ ನಮ್ಮವರಲ್ಲಿ ಅನೇಕರು ಗಾಬರಿಯಾದರು. ಎರಡನೆಯ ಅಲೆಯ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಒಮಾನಿನಲ್ಲಿ ಕೆಲಸದ ಒತ್ತಡ ಮತ್ತೆ ಯಾವಾಗ ಏರುತ್ತದೆಂದು ತಿಳಿಯಲು ಜ್ಯೋತಿಷಿಯೇನೂ ಬೇಕಾಗಿಲ್ಲ.

ನೆರೆಯ ದೇಶಗಳೆಲ್ಲ ಒಂದೇ ಬಗೆಯವೆಂದು ಮಾತ್ರ ತಿಳಿಯಬೇಡಿ. ಎಲ್ಲೆಡೆಯೂ ಪ್ರಜೆಗಳು ಎಳೆಯರೇ, ಗಂಡು ಹೆಣ್ಣೂ ಬಹುತೇಕ ಸಮವೇ. ಬೇರೆಯಾಗುವುದು ಒಟ್ಟು ಜನರಲ್ಲಿ ಅವರ ಪಾಲು. ಒಮಾನಿನ 2020ರ ಗಣತಿಯಲ್ಲಿ ಸುಮಾರು 44.7 ಲಕ್ಷ ನಿವಾಸಿಗಳಲ್ಲಿ 27.3 ಲಕ್ಷ ಪ್ರಜೆಗಳು. ಬಹ್ರೇನ್‌ನಲ್ಲಿ ಅದೇ ವರ್ಷ ಹದಿನೈದು ಲಕ್ಷದಲ್ಲಿ ಸುಮಾರು 7.1 ಲಕ್ಷ. ಕುವೈತಿನಲ್ಲಿ ಮೂರರಲ್ಲೊಂದಕ್ಕಿಂತ ಕಡಿಮೆ. ಸಂಯುಕ್ತ ಅರಬ್ ಎಮಿರೇಟ್ಸ್ 2010ಕ್ಕೆ ಕೊಟ್ಟ ಅಂದಾಜಿನಲ್ಲಿ 82.6 ಲಕ್ಷ ನಿವಾಸಿಗಳ ನಡುವೆ ಪ್ರಜೆಗಳು 9.48 ಲಕ್ಷ, ಅವರಲ್ಲಿ ಗಂಡಸರು 4.79 ಲಕ್ಷ, ಹೆಂಗಸರು 4.69 ಲಕ್ಷ. ಅಲ್ಲಿಯೂ ಕತಾರಿನಲ್ಲೂ ಪ್ರಜೆಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ, ನಿಯಮಿತವಾಗಿ ಪ್ರಕಟಿಸುವುದಿಲ್ಲ. ತಮ್ಮ ದೇಶದಲ್ಲೇ ಹತ್ತರಲ್ಲೊಬ್ಬರಾಗಿರುವವರಿಗೆ ಆ ಲೆಕ್ಕ ಮುಜುಗರದ ವಿಷಯವೆಂಬುದು ನನ್ನ ಊಹೆ. ದುಬೈಯಲ್ಲಿ ಎಮಿರಾತಿ ಯುವಕರೆಲ್ಲರಿಗೂ ಕೆಲಸ ಕೊಟ್ಟರೂ ವಿದೇಶಿ ಅಕೌಂಟೆಂಟರ ಅಗತ್ಯ ತೀರುವುದಿಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು ಕುಶಲ ಹುದ್ದೆಗಳಲ್ಲಿ ಎಮಿರಾತಿಗಳನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಿ 2026ಕ್ಕೆ ಶೇ. 10 ಮುಟ್ಟಬೇಕೆಂಬುದು ಅಲ್ಲಿನ ನಿಯಮ. ಸೌದಿಯ ಅಳತೆಯೇ ಬೇರೆ. ಹತ್ತರಲ್ಲಿ ಸುಮಾರು ಆರು ಮಂದಿ ಪ್ರಜೆಗಳಾಗಿರುವ ದೇಶದಲ್ಲಿ ನಿಮ್ಮ ಮೇಜಿಗೆ ಅರ್ಹನಾದ ಸ್ಥಳೀಯ ಪದವೀಧರ ನಿಜಕ್ಕೂ ಇದ್ದಾನೆ.

ಪದವೀಧರಳೂ ಇದ್ದಾಳೆ ಎಂಬುದನ್ನು ಒತ್ತಿ ಹೇಳಬೇಕು. ಲಿಂಗಾನುಪಾತ ಸಮನಾಗಿದ್ದರೂ ನಾನು ಸೌದಿಗೆ ಬಂದ ಹೊಸದರಲ್ಲಿ ಕಚೇರಿಗಳಲ್ಲಿ ಹೆಂಗಸರೇ ಕಾಣುತ್ತಿರಲಿಲ್ಲ. 2017ರವರೆಗೂ ದುಡಿಮೆಯಲ್ಲಿ ತೊಡಗಿದ ಸೌದಿ ಮಹಿಳೆಯರು ಐವರಲ್ಲಿ ಒಬ್ಬರಿಗಿಂತ ಕಡಿಮೆ. 2018ರ ಜೂನ್‌ನಲ್ಲಿ ವಾಹನ ಚಲಾಯಿಸುವ ಅನುಮತಿ ಸಿಕ್ಕಿತು, ಮರುವರ್ಷ ಹೆಂಗಸರಿಗೆ ಮನೆಯ ಗಂಡಸಿನ ಒಪ್ಪಿಗೆ ಬೇಕೆನ್ನುವ ಪೋಷಕತ್ವದ ನಿಯಮಗಳು ಸಡಿಲಗೊಂಡವು. ಕೆಲವೇ ವರ್ಷಗಳಲ್ಲಿ ಆ ಪಾಲು ಮೂವರಲ್ಲಿ ಒಬ್ಬರನ್ನು ದಾಟಿತು. ಒಂದು ದೇಶದ ಪ್ರಜೆಗಳ ಸಂಖ್ಯೆ ಬದಲಾಗದೆ ಉದ್ಯೋಗಾಕಾಂಕ್ಷಿಗಳ ಸಂಖ್ಯೆ ಹೀಗೆ ಏರಬಹುದೆಂದು ನಮ್ಮಲ್ಲಿ ಹೆಚ್ಚಿನವರು ಎಣಿಸಿಯೇ ಇರಲಿಲ್ಲ. ಬ್ಯಾಂಕು, ಆಸ್ಪತ್ರೆಯ ಸ್ವಾಗತ ಕೌಂಟರ್, ಮಾಲ್‌ನ ಕ್ಯಾಶ್ ಕೌಂಟರ್, ಕಂಪೆನಿಗಳ ಎಚ್.ಆರ್. ಮತ್ತು ಲೆಕ್ಕಪತ್ರ ವಿಭಾಗಗಳಲ್ಲಿ ಈಗ ನಿಮ್ಮ ಸಹೋದ್ಯೋಗಿಗಳಾಗುವವರು ಬಹಳಮಟ್ಟಿಗೆ ಇಪ್ಪತ್ತೈದರ ಆಸುಪಾಸಿನ ಸೌದಿ ಯುವತಿಯರೂ ಯುವಕರೂ ಆಗಿರುತ್ತಾರೆ. ಅವರಿಗೆ ಕೆಲಸ ಕಲಿಸುವ ಹೊಣೆಯೂ ನಿಮ್ಮ ಮೇಲೆ ಬಂದೀತು. ಕೆಲವು ಹಳಬರು ಇದನ್ನು ಬೇಸರದಿಂದ, ಅರೆಬರೆಯಾಗಿ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅನ್ಯಾಯ, ಜಾಣತನವೂ ಅಲ್ಲ. ಚೆನ್ನಾಗಿ ಕಲಿಸುವವರನ್ನು ಕಂಪೆನಿಗಳು ಹೆಚ್ಚು ಕಾಲ ಇಟ್ಟುಕೊಂಡದ್ದನ್ನೇ ನಾನು ನೋಡಿದ್ದೇನೆ.

ನಿಮ್ಮ ನೌಕರಿಗೆ ನೇರವಾಗಿ ತಟ್ಟುವ ನಿಯಮ ಹೀಗಿದೆ. 2011ರಲ್ಲಿ ಬಂದ ನಿತಾಖತ್ ಪದ್ಧತಿಯಡಿ ಪ್ರತಿ ಕಂಪೆನಿಯನ್ನೂ ಅದರಲ್ಲಿರುವ ಸೌದಿಗಳ ಪ್ರಮಾಣಕ್ಕೆ ತಕ್ಕಂತೆ ಬಣ್ಣದ ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ದರ್ಜೆ ಕೆಳಗಿಳಿದರೆ ಹೊಸ ವೀಸಾಗಳಿಗೂ ಇರುವವರ ಪರವಾನಗಿ ನವೀಕರಣಕ್ಕೂ ತೊಡಕಾಗುತ್ತದೆ. ಇದರ ಮೇಲೆ ವೃತ್ತಿವಾರು ನಿಯಮಗಳಿವೆ. ಐದು ಅಥವಾ ಅದಕ್ಕಿಂತ ಹೆಚ್ಚು ಅಕೌಂಟೆಂಟರಿರುವ ಕಂಪೆನಿಗಳಲ್ಲಿ 2021ರಿಂದ ಶೇ. 30ರಷ್ಟು ಮಂದಿ ಸೌದಿಗಳಿರಬೇಕಿತ್ತು. 2025ರ ಅಕ್ಟೋಬರ್‌ನಿಂದ ಅದು ಶೇ. 40 ಆಗಿದ್ದು, ಹಂತಹಂತವಾಗಿ ಶೇ. 70ಕ್ಕೆ ಏರಲಿದೆ. ಆದ್ದರಿಂದ ನಿಮ್ಮ ವಿಭಾಗದಲ್ಲಿ ಎಷ್ಟು ಜನರಿದ್ದಾರೆ, ಅವರಲ್ಲಿ ಸೌದಿಗಳೆಷ್ಟು, ಕಂಪೆನಿ ಯಾವ ದರ್ಜೆಯಲ್ಲಿದೆ ಎಂಬುದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ವೃತ್ತಿಯ ಹೆಸರು ಏನೆಂದು ಬರುತ್ತದೆಂಬುದನ್ನೂ ಕೇಳಿ. ಐದು ವರ್ಷದ ಕೆಲಸವೆಂದು ಎಣಿಸಿಕೊಂಡು ಬನ್ನಿ, ಇಪ್ಪತ್ತು ವರ್ಷದ ಲೆಕ್ಕ ಹಾಕಿ ಊರಿನಲ್ಲಿ ಮನೆಸಾಲ ಮಾಡಬೇಡಿ.

ಹೆಂಡತಿಯನ್ನು ಕರೆತರುವ ಪ್ರಶ್ನೆಗೆ ಬಂದರೆ, ವಿದೇಶಿಯರ ಲಿಂಗಾನುಪಾತ ಏಕೆ ವಾಲಿದೆ ಎಂಬುದಕ್ಕೆ ಉತ್ತರವೂ ಅಲ್ಲಿಯೇ ಸಿಗುತ್ತದೆ. 2017ರ ಜುಲೈಯಲ್ಲಿ ಸೌದಿ ಸರಕಾರ ಅವಲಂಬಿತರೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, ಪ್ರತಿ ವರ್ಷ ನೂರರಂತೆ ಏರಿಸಿ 2020ರಲ್ಲಿ 400ಕ್ಕೆ ತಂದಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್ ಇದಕ್ಕೇ ಹೋಗುತ್ತದೆ. ಬಾಡಿಗೆ, ಶಾಲೆ, ವಿಮಾನದ ಟಿಕೆಟ್ ಬೇರೆ. ಆ ವರ್ಷಗಳಲ್ಲಿ ನಮ್ಮ ಸುತ್ತಲಿನ ಎಷ್ಟೋ ಮನೆಗಳು ಖಾಲಿಯಾದವು. ಹೆಂಡತಿ ಮಕ್ಕಳು ಮಂಗಳೂರು, ಉಡುಪಿ, ಭಟ್ಕಳಕ್ಕೆ ಮರಳಿದರು, ಗಂಡಸರು ನಾಲ್ವರು ಸೇರಿ ಒಂದು ಫ್ಲಾಟಿನ ಬ್ಯಾಚುಲರ್‌ಗಳಾದರು. ನಿಮ್ಮದು ಇಬ್ಬರೇ ಇರುವ ಸಂಸಾರವಾದರೆ ಪ್ರೊಬೇಷನ್ ಮುಗಿದ ಮೇಲೆ ಕರೆತನ್ನಿ. ಈ ಶುಲ್ಕವನ್ನು ಕೆಲವು ಕಂಪೆನಿಗಳು ತಾವೇ ಭರಿಸುತ್ತವೆ, ಕರಾರಿನಲ್ಲಿ ಬರೆಯದಿದ್ದರೆ ಯಾವ ಕಂಪೆನಿಯೂ ಭರಿಸುವುದಿಲ್ಲ. ಹಾಗಾಗಿ ಸಹಿ ಹಾಕುವ ಮುನ್ನವೇ ಆ ಸಾಲನ್ನು ಸೇರಿಸಿಕೊಳ್ಳಿ.